ಕೆಸರು ಕವಿದ ಹವಳ

ಮುಚ್ಚಂಡಿಯ ಕುರಿಗಾರರ ಮನೆಯ ಬೀರದೇವ ಈಜು ಕಲಿತದ್ದು ಬಾವಿಯಲ್ಲಿ. ಮುಂಬಯಿ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವನು ಆ ಈಜನ್ನೇ ನೆಚ್ಚಿಕೊಂಡು ೧೯೫೩ರಲ್ಲಿ ಅಂದಮಾನಿಗೆ ಹೋಗಿ ಸರ್ವೆ ದೋಣಿಯ ಕೆಲಸಕ್ಕೆ ಸೇರಿದ. ಜೊತೆಗೆ ಊರ ಕಡೆಯ ಶೇಗಾಂವದ ಗೆಳೆಯ ಶಿದ್ರಾಯ. ಶಿದ್ರಾಯ ಮುಳುಗಿ ತಳದ ಹವಳ ನೋಡಿ ಬರಬೇಕು. ಬೀರದೇವ ಅವನ ನಡುವಿಗೆ ಕಟ್ಟಿದ ಹಗ್ಗ ಹಿಡಿದಿರಬೇಕು. ಅಲ್ಲಿನ ಒಂದು ಸಣ್ಣ ಕೊಲ್ಲಿಯ ಯಾವ ಭಾಗದಲ್ಲಿ ಹವಳ ಬದುಕಿದೆ, ಎಲ್ಲಿ ಸತ್ತಿದೆ ಎಂದು ಪುಣೆಯ ಸಾಹೇಬರು ನಕಾಶೆಯಲ್ಲಿ ಗುರುತು ಹಾಕುತ್ತಿದ್ದರು.

ಕೊಲ್ಲಿಯ ಬಾಯಲ್ಲಿ, ಅಲೆ ಹೊಡೆಯುವ ಕಡೆ, ಶಿದ್ರಾಯ ಪ್ರತಿ ಸಲ ನಗುತ್ತ ಮೇಲೆ ಬಂದ. "ತೆಳಗ ತ್ವಾಟ ಹಚ್ಚಿದಂಗ ಐತಿ" ಎಂದ. ನಡುಭಾಗದಲ್ಲಿ ಹವಳ ಅರ್ಧಕ್ಕರ್ಧ ಸತ್ತು ಬಿಳಿಚಿಕೊಂಡಿತ್ತು. ಉಳಿದದ್ದು ಒಳಮೂಲೆ, ಹಳ್ಳ ಬಂದು ಕೂಡುವ ಜಾಗ.

ಅಂದು ಬೆಳಿಗ್ಗೆ ಗುಡ್ಡದ ಮೇಲೆ ಮಳೆ ಹೊಡೆದು ಹಳ್ಳ ಕೆಂಪಾಗಿ ಇಳಿಯುತ್ತಿತ್ತು.

"ಇವತ್ತ ಬ್ಯಾಡೋ, ಏನೂ ಕಾಣವಲ್ದು" ಎಂದ ಬೀರದೇವ.

"ಒಂದ ಸಲ ಹೋಗಿ ಬಂದಬಿಡ್ತೀನಿ. ಎರಡ ಸಲ ಜಗ್ಗಿದ್ರ ಲಗೂನ ಎಳಿ."

ಶಿದ್ರಾಯ ಮುಳುಗಿದ. ಹಗ್ಗ ಸರಸರ ಜಾರಿತು, ನಿಂತಿತು. ಆಮೇಲೆ ಅಲುಗಲೇ ಇಲ್ಲ. ಬೀರದೇವನೂ ಅವನ ಜೊತೆ ಉಸಿರು ಬಿಗಿಹಿಡಿದಿದ್ದ. ತನಗೇ ಉಸಿರು ತಡೆಯದಾಯಿತು. ಎಳೆದು ನೋಡಿದ, ಬಂಡೆಗೆ ಕಟ್ಟಿದಂತೆ ಬಿಗಿದಿತ್ತು. ತುದಿಯನ್ನು ದೋಣಿಯಲ್ಲಿದ್ದ ಸಾಹೇಬರ ಕೈಗೆ ತುರುಕಿ ನೀರಿಗೆ ಹಾರಿದ.

ನೀರೊಳಗೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಹಗ್ಗದ ಗುಂಟ ಇಳಿದ. ಕಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಕೈಗೆ ಶಿದ್ರಾಯನ ತಲೆಗೂದಲು ಸಿಕ್ಕಿತು. ಹಗ್ಗ ಹವಳದ ಕೊಂಬೆಯೊಂದಕ್ಕೆ ಸುತ್ತಿಕೊಂಡಿತ್ತು. ಬಿಚ್ಚಲು ಬರಲಿಲ್ಲ. ಕಾಲೆತ್ತಿ ಒದ್ದ. ಸತ್ತ ಕೊಂಬೆ ಹಳೇ ಗೋಡೆಯ ಮಣ್ಣಿನಂತೆ ಪುಡಿಯಾಯಿತು.

ಮೇಲೆ ತಂದು ದೋಣಿಯಲ್ಲಿ ಬೋರಲು ಹಾಕಿ ಬೆನ್ನು ತಿಕ್ಕಿದಾಗ ಶಿದ್ರಾಯ ನೀರು ಕಾರಿದ. ಉಸಿರು ಸರಿಯಾದ ಮೇಲೆ, "ತೆಳಗ ಬರೇ ರಾಡಿ ಐತಿ" ಎಂದ.

ಬೀರದೇವನ ಉಗುರಿನ ಸಂದಿಯಲ್ಲೂ ಅದೇ ಕೆಸರು. ತಿಕ್ಕಿ ನೋಡಿದ, ಸಮುದ್ರದ ಮರಳಲ್ಲ, ಗುಡ್ಡದ ಮಣ್ಣು. ತನ್ನೂರಲ್ಲಿ ಕುರಿ ಅತಿಯಾಗಿ ಮೇಯ್ದ ಮಡ್ಡಿಯ ಕಲ್ಲುನೆಲದಿಂದ ಮಣ್ಣು ಹೀಗೇ ಕೊಚ್ಚಿ ಬರುತ್ತದೆಂದು ಸಾಹೇಬರಿಗೆ ಮರಾಠಿಯಲ್ಲಿ ಹೇಳಿ, ಮರುದಿನ ಅವರನ್ನು ಹಳ್ಳದ ಗುಂಟ ಮೇಲಕ್ಕೆ ಕರೆದೊಯ್ದ. ಎರಡು ಮೈಲಿ ನಡೆದರು. ಗುಡ್ಡ ಬೋಳಾಗಿತ್ತು; ಮರ ಕಡಿದು ವರ್ಷವೂ ಆಗಿರಲಿಲ್ಲ. ಸಾಹೇಬರು ನಕಾಶೆ ಬಿಚ್ಚಿ, ಹವಳ ಕೊಂದ ಮಣ್ಣು ಇಲ್ಲಿಂದಲೇ ಎಂದು ಆ ಗುಡ್ಡಕ್ಕೂ ಒಂದು ಗುರುತು ಹಾಕಿದರು.

ಅಂದಿನ ಮುಳುಗಿನಲ್ಲಿ ಶಿದ್ರಾಯನ ಬಲಗಿವಿ ಕಿವುಡಾಯಿತು. ಮುಂದಿನ ಹಡಗಿಗೆ ಅವನು ಊರಿಗೆ ಹೊರಟ. ಬೀರದೇವ ಎರಡು ವರ್ಷ ಅಲ್ಲೇ ದುಡಿದು ಮರಳಿದಾಗ, ಶಿದ್ರಾಯ ತಾನೇ ಮುಚ್ಚಂಡಿಗೆ ಬಂದು ತನ್ನ ತಂಗಿ ಇಂದುಬಾಯಿಯನ್ನು ಅವನಿಗೆ ಮದುವೆ ಮಾಡಿ ಕೊಡುವ ಮಾತೆತ್ತಿದ.