ಬೆಲ್ಲದ ಹೊಟ್ಟೆ ತೊಳೆಯುವವಳು

ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ದಾರಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ದೊಡ್ಡಬಸಪ್ಪನವರ ಬೆಲ್ಲದ ಗಾಣ ಕಿರುಗುಟ್ಟತೊಡಗುತ್ತದೆ. ಮೂಲೆಯಲ್ಲಿ ಉಚ್ಚೆಂಗಮ್ಮ ಬೆಂಡೆಗಿಡದ ಕಾಂಡಗಳನ್ನು ಒನಕೆಯಿಂದ ಜಜ್ಜುತ್ತಿದ್ದಾಳೆ. ಜಜ್ಜಿದ್ದನ್ನು ನೀರಿಗೆ ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಿವುಚುತ್ತಾಳೆ. ನೀರು ಲೋಳೆಯಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾದೊಡನೆ ಆ ಲೋಳೆ ಸುರಿದರೆ ಮಣ್ಣು, ಸಿಪ್ಪೆ, ಕಸವೆಲ್ಲ ಅದಕ್ಕೆ ಅಂಟಿಕೊಂಡು ಮೇಲೇಳುತ್ತದೆ. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಅದನ್ನು ತೂತಿನ ಸೌಟಿನಿಂದ ಬಾಚಿ ಚೆಲ್ಲುವವಳೂ ಅವಳೇ.

ಊರು ಹೋಳಿಗೆ ತಿಂದು ಬೆಲ್ಲ ಹೊಗಳಿದರೆ ಹೆಸರು ಗಾಣದ ಯಜಮಾನರಿಗೆ ಹೋಗುತ್ತದೆ. ಹೆಚ್ಚೆಂದರೆ ಹದ ನೋಡಿ ಇಳಿಸುವವನಿಗೆ. ಲೋಳೆ ಕಿವುಚುವವಳ ಹೆಸರು ಕೇಳಿದವರನ್ನು ಉಚ್ಚೆಂಗಮ್ಮ ಇಪ್ಪತ್ತೆರಡು ಸುಗ್ಗಿಯಲ್ಲಿ ಕಂಡಿಲ್ಲ.

ಕೆಲಸ ಕಲಿಸಿದ್ದು ಅತ್ತೆ ಭರಮಮ್ಮ. ಗಂಡ ಹುಲುಗಪ್ಪನ ಬಲಗೈ ಕಬ್ಬಿನ ಜೊತೆ ಗಾಣಕ್ಕೆ ಸಿಕ್ಕ ವರ್ಷದಿಂದ ಮನೆಯ ಒಲೆ ಉರಿಯುವುದು ಇವಳೊಬ್ಬಳ ದುಡಿಮೆಯಿಂದ. ದಿನಕ್ಕೆ ನಾಲ್ಕು ಕೊಪ್ಪರಿಗೆ, ಕೊಪ್ಪರಿಗೆಗೆ ಎರಡು ಕೊಡ ಲೋಳೆ. ಬೆಂಡೆಯ ಸುಂಕು, ಆ ಸಣ್ಣ ಮುಳ್ಳುಕೂದಲು, ಹತ್ತಿ ಹತ್ತಿ ಅಂಗೈಗಳು ಬಿರಿದು ಹೋಗಿವೆ. "ಮೊದಲ ತಿಂಗಳು ತುರಸ್ತೈತ್ರಿ. ಆಮ್ಯಾಲ ಕೈ ನಮ್ಮವಲ್ಲ ಅನ್ಕೊಂತೀವಿ," ಎನ್ನುತ್ತಾಳೆ.

ಅವಳ ಬೆಲ್ಲ ಹುಣಸೆಹಣ್ಣಿನ ಬಣ್ಣದ್ದು. ಅದೇ ಈಗ ಅವಳ ತಪ್ಪಾಗಿದೆ. ಕಳೆದ ಸುಗ್ಗಿಯಲ್ಲಿ ಬಳ್ಳಾರಿಯಿಂದ ಡಬ್ಬಿಯಲ್ಲಿ ಬಿಳಿ ಪುಡಿ ಬಂತು. ಒಂದು ಚಮಚ ಉದುರಿಸಿದರೆ ಸಾಕು, ಕೊಪ್ಪರಿಗೆ ನೋಡನೋಡುತ್ತ ಹಳದಿಯಾಗುತ್ತದೆ. ಕಸ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಇವತ್ತು ಅದರ ತೀರ್ಮಾನ. ಎರಡೂ ಬಗೆಯ ಅಚ್ಚುಗಳನ್ನು ಜೋಡಿಸಿಟ್ಟಿದ್ದಾರೆ. ಹೊಸಪೇಟೆಯ ವ್ಯಾಪಾರಿ ಮುದುಕಪ್ಪ ಒಪ್ಪಿದಂತೆ ಇನ್ನು ಗಾಣ ನಡೆಯುತ್ತದೆ, ಅವನು ಹಳದಿಯನ್ನೊಪ್ಪಿದರೆ ಉಚ್ಚೆಂಗಮ್ಮ ನಾಳೆ ಬರಬೇಕಾಗಿಲ್ಲ ಎಂದು ದೊಡ್ಡಬಸಪ್ಪನವರು ನಿನ್ನೆಯೇ ಹೇಳಿದ್ದಾರೆ.

ಈ ಸೀಮೆಯ ವ್ಯಾಪಾರಿಗಳು ಬೆಲ್ಲದ ರುಚಿ ನೋಡುವುದಿಲ್ಲ, 'ಮಾರಿ' ನೋಡುತ್ತಾರೆ. ಅಚ್ಚನ್ನು ಬಿಸಿಲಿಗೆ ಹಿಡಿದು ಮುಖ ನೋಡಿದರೆ ಮುಗಿಯಿತು. ಹೆಣ್ಣು ನೋಡಲು ಬಂದವರಾದರೂ ಎರಡು ಮಾತಾಡಿಸುತ್ತಾರೆ. ಮುದುಕಪ್ಪ ಹಳದಿ ಅಚ್ಚು ಎತ್ತಿ ತಿರುಗಿಸುತ್ತಾನೆ. "ಇದು ನೋಡಪ, ಬಂಗಾರದಂಗೈತಿ."

ಉಚ್ಚೆಂಗಮ್ಮ ಇಂದಿಗೂ ಯಜಮಾನರೆದುರು ಕೂತು ಮಾತಾಡಿದವಳಲ್ಲ. ಈಗ ಎರಡು ಚೊಂಬಿನಲ್ಲಿ ನೀರು ತಂದು, ಒಂದರಲ್ಲಿ ಹಳದಿ ಚೂರು, ಇನ್ನೊಂದರಲ್ಲಿ ತನ್ನದು ಕದಡಿ ಅವರ ಮುಂದಿಡುತ್ತಾಳೆ. ತುಸು ಹೊತ್ತು ತಂಗಲು ಬಿಟ್ಟು, ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸುತ್ತಾಳೆ. ಹಳದಿಯ ತಳದಲ್ಲಿ ಬೆರಳಿಗೆ ಹತ್ತುವಷ್ಟು ಕೆಸರು. ಅವಳ ಚೊಂಬಿನ ತಳದಲ್ಲಿ ಏನೂ ಇಲ್ಲ.

"ಪುಡಿ ಹಾಕಿದವ್ರು ಬೆಲ್ಲದ ಮಾರಿ ತೊಳದಾರ್ರಿ ಯಜಮಾನ್ರ. ನಾ ಹೊಟ್ಟಿ ತೊಳದೀನಿ."

ಮುದುಕಪ್ಪ ಎರಡೂ ಚೊಂಬುಗಳೊಳಗೆ ಬಗ್ಗಿ ನೋಡುತ್ತಾನೆ. ನೋಡಿದ್ದನ್ನು ಅಲ್ಲಗಳೆಯುವುದೂ ಇಲ್ಲ. "ನೀ ಹೇಳೋದು ಖರೇನ ಐತಿ ಬೇ. ಆದ್ರ ಸಂತ್ಯಾಗ ಚೊಂಬು ಹಿಡ್ಕೊಂಡು ಯಾರು ಬರ್ತಾರ? ಮಾರಿ ಚೆಂದಿದ್ರ ಮಾಲು ತಾನ ಹೋಗತೈತಿ."

ಹಳದಿಯೆಲ್ಲ ಗಾಡಿಗೇರುತ್ತದೆ. ಗಾಡಿ ಹೊರಡುವ ಮುಂಚೆ ಮುದುಕಪ್ಪ ದೊಡ್ಡಬಸಪ್ಪನವರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸುತ್ತಾನೆ. "ಸೊಸಿ ಹಡದಾಳ. ಮನಿಗೆ ಎರಡು ಅಚ್ಚು ಕರೇ ಬೆಲ್ಲ ಕಟ್ಟಿಸಪ."

ಕಟ್ಟಿಕೊಡಬೇಕಾದವಳೂ ಉಚ್ಚೆಂಗಮ್ಮನೇ. ಬಾಳೆಲೆಯಲ್ಲಿ ಸುತ್ತಿ, ನಾರು ಬಿಗಿದು ಕೈಗಿಡುತ್ತಾಳೆ. ಈ ಸಲ ಮುದುಕಪ್ಪ ಬೆಲ್ಲದ ಮಾರಿಯನ್ನೂ ನೋಡುವುದಿಲ್ಲ, ಕೊಟ್ಟವಳ ಮಾರಿಯನ್ನೂ ನೋಡುವುದಿಲ್ಲ. ತನ್ನ ಮನೆಯ ಬಾಣಂತಿಗೆ ಬೇಕಾದ್ದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿದೆ. ಕಂಡವರ ಮನೆಯ ಬಾಣಂತಿಗೆ ಕೆಸರಾದರೂ ನಡೆಯುತ್ತದೆ.

ಉಚ್ಚೆಂಗಮ್ಮ ಒನಕೆ ತೊಳೆದು ಗೋಡೆಗೆ ಆನಿಸುತ್ತಾಳೆ. ನಾಳೆಯಿಂದ ಕಬ್ಬು ಕಡಿಯಲು ಹೋಗುತ್ತಾಳೆ, ಕರೆದರೆ. ಮನೆಯ ಹಿತ್ತಲಲ್ಲಿ ಮಾತ್ರ ಎರಡು ಸಾಲು ಬೆಂಡೆಗೆ ಪಾತಿ ಮಾಡಿದ್ದಾಳೆ. ಕೆಲಸವೇ ಹೋದ ಮೇಲೆ ಇದೇಕೆಂದು ಕೇಳಿದರೆ, ಬಿರಿದ ಅಂಗೈಯಿಂದ ಮಣ್ಣು ಸರಿಸಿ ಬೀಜ ಊರುತ್ತಲೇ ಹೇಳುತ್ತಾಳೆ:

"ಯುದ್ಧ ನಡದೈತಂತ್ರಿ, ಪುಡಿ ಬರೋದು ಪರದೇಶದಿಂದಂತ. ಎಂದಾರ ಒಂದಿನ ಡಬ್ಬಿ ಬರಿದಾಗತೈತಿ, ನನ್ನ ಕರಿಯಾಕ ಬರ್ತಾರ. ಅವತ್ತು ಬೆಂಡಿ ಕಡ್ಡಿ ಇಲ್ಲ ಅಂತ ನನ್ನ ಬಾಯಾಗ ಬರಬಾರದು."