ಎಡಕ್ಕೆ ಬೀಳುವ ಎಸಳು

ಹಳಿಯಾಳದ ಹತ್ತಿರದ ನಮ್ಮತ್ತೆಯ ಮನೆಯಲ್ಲಿ ದೊಡ್ಡ ಮಾತುಗಳನ್ನೆಲ್ಲ ಹೂವಿಗೆ ಬಿಡುವ ರೂಢಿ. ದೇವರ ಜಗಲಿಯಲ್ಲಿರುವ ವೀರಭದ್ರನ ಬೆಳ್ಳಿಮುಖದ ಎರಡು ಕೆನ್ನೆಗೂ ಸೇವಂತಿಗೆಯ ಒಂದೊಂದು ಎಸಳನ್ನು ನೀರಲ್ಲಿ ಅದ್ದಿ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ. ಎಡಗಡೆಯದು ಬಿದ್ದರೆ ಬೇಡ.

ಹೋದ ವರ್ಷ ನನ್ನ ನಾದಿನಿಗೆ ಮುಂಡಗೋಡ ಕಡೆಯ ಸನವಳ್ಳಿಯಿಂದ ಸಂಬಂಧ ಬಂತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಅತ್ತೆ ಹೂ ಕೇಳಿದರು. ಎಡಗಡೆಯದು ಬಿತ್ತು. ಯುಗಾದಿಯೊಳಗೆ ಏನಾದರೊಂದು ಹೇಳಿಬಿಡಿ ಎಂದು ಸನವಳ್ಳಿಯವರು ಕಾದಿದ್ದರು.

ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದರಿಂದ ನಾನು ಆ ತಿಂಗಳು ದಾಂಡೇಲಿಯಿಂದ ಬಂದು ಅಲ್ಲಿಯೇ ಇದ್ದೆ. ಪೂಜೆ ನನ್ನ ಪಾಲಿಗೆ ಬಂದಿತ್ತು. ಎಸಳು ಬಿದ್ದ ಮರುದಿನ ನಾದಿನಿ ಬಡಿದ ರೊಟ್ಟಿಗಳ ಅಂಚುಗಳೆಲ್ಲ ಬಿರಿದಿದ್ದವು.

"ವೈನಿ, ಅದು ಎಡಕ್ಕ ಹೆಂಗ ಬಿತ್ತು, ಸ್ವಲ್ಪ ನೋಡ್ರಿ."

"ದೇವರ ಮ್ಯಾಲೆ ಸಿಟ್ಟೇನು?"

"ಸಿಟ್ಟಿಲ್ರಿ. ಒಂದು ಎಸಳಿಗೆ ಇಷ್ಟು ದರ್ಬಾರ ಯಾಕಂತ ಅಷ್ಟ."

ನಾನು ಓದಿದ ಕಾನ್ವೆಂಟಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಸಿಸ್ಟರ್ ನಮ್ಮಿಂದ ನಾಣ್ಯ ಚಿಮ್ಮಿಸುತ್ತಿದ್ದರು. ಒಂದು ಸಲ ಚಿಮ್ಮಿದರೆ ನಾಣ್ಯದ ಗುಣ ತಿಳಿಯುವುದಿಲ್ಲ, ಚಿಮ್ಮುತ್ತ ಬರೆಯುತ್ತ ಹೋಗಿ ಎನ್ನುತ್ತಿದ್ದರು. ಹಾಗೆಯೇ ಮಾಡಿದೆ. ದಿನಾ ಪೂಜೆ ಮುಗಿದ ಮೇಲೆ, ಏನನ್ನೂ ಕೇಳದೆ, ಎರಡು ಎಸಳು ಅಂಟಿಸಿ ಕುಳಿತೆ. ಹದಿನೆಂಟು ದಿನಗಳಲ್ಲಿ ಹದಿನಾಲ್ಕು ಸಲ ಎಡಗಡೆಯದೇ ಬಿತ್ತು. ಕಾರಣವೂ ಕಂಡಿತು: ದೀಪ ಎಡಕ್ಕಿತ್ತು. ಅದರ ಕಾವಿಗೆ ಆ ಕಡೆಯ ಎಸಳು ಮೊದಲು ಒಣಗಿ ಅಂಚು ಬಿಡುತ್ತಿತ್ತು.

ಅಂದೇ ಅತ್ತೆಗೆ ಹೇಳಿದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

"ಕಾನ್ವೆಂಟಿನ್ಯಾಗ ಇದನ್ನ ಕಲಿಸಿದ್ರೇನವಾ, ದೇವರ ತಪ್ಪು ಎಣಸೂದು?"

"ತಪ್ಪು ದೇವರದಲ್ರಿ ಅತ್ತಿ, ದೀಪದ್ದು."

"ಎಡಕ್ಕ ಹೆಚ್ಚು ಬೀಳೂದು ನನಗ ಗೊತ್ತಿಲ್ಲೇನು? ನಿನ್ನ ಸಂಬಂಧ ಬಂದಾಗ ಎಡಕ್ಕ ಬಿತ್ತು. ಮತ್ತ ಕೇಳಿದೆ, ಮತ್ತ ಎಡಕ್ಕ. ಬಲಕ್ಕ ಬೀಳೂತನಾ ಕೇಳೇನಿ."

ಬಾಗಿಲಲ್ಲಿ ನಿಂತಿದ್ದ ನಾದಿನಿ ಕೇಳಿದಳು: "ನನಗ್ಯಾಕ ಒಂದ ಸಲ ಕೇಳಿದಿ ಅವ್ವ?"

ಅತ್ತೆ ಇನ್ನೊಂದು ಕಾಯಿ ಬಿಡಿಸಿದರು. "ಎಡಕ್ಕ ಬಿತ್ತಲ್ಲ, ಛಲೋ ಆತು ಅನಿಸ್ತು. ಇನ್ನೊಂದು ವರ್ಷ ಕಣ್ಣ ಮುಂದ ಇರ್ತಿ ಅಂತ."

ನಾನು ಎಸಳು ಎಲ್ಲಿ ಬಿತ್ತೆಂದು ಎಣಿಸಿದ್ದೆ. ಎಷ್ಟು ಸಲ ಕೇಳಿದರು, ಎಲ್ಲಿಗೆ ನಿಲ್ಲಿಸಿದರು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾದಿನಿ ಕೈತೊಳೆದು ಹೋಗಿ ತಾನೇ ಎಸಳು ಅಂಟಿಸಿದಳು. ಎಡಗಡೆಯದು ಬಿತ್ತು.

"ನೀರು ಭಾಳ ಆತು, ಮತ್ತ ಹಚ್ಚು," ಎಂದರು ಅತ್ತೆ, ಕೂತಲ್ಲಿಂದಲೇ.

ಮತ್ತೆಯೂ ಎಡಗಡೆಯದೇ. ನಾದಿನಿ ಮೂರನೆಯ ಸಲ ಹಚ್ಚಿದಾಗ ಅತ್ತೆ ಮೊಣಕಾಲು ಹಿಡಿದು ಎದ್ದು ಬಂದರು. ದೀಪವನ್ನು ಎತ್ತಿ ಬಲಗಡೆಗೆ ಇಟ್ಟು, ಬತ್ತಿಯನ್ನು ಒಂದಿಷ್ಟು ಮುಂದಕ್ಕೆ ಎಳೆದರು.

"ಹೋಗು, ಸನವಳ್ಳಿಗೆ ಫೋನ್ ಹಚ್ಚು."

"ಇನ್ನಾ ಬಿದ್ದಿಲ್ಲವ್ವ."

"ಬೀಳತೈತಿ," ಎಂದರು ಅತ್ತೆ.