ಏಣಿ ಹತ್ತದ ಪೇಂಟರ್

ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದದ್ದು ಪೇಂಟರಣ್ಣನೇ. ಅಕ್ಷರವೇನೋ ಮುತ್ತಿನಂಥದ್ದು, ಮಾತು ಮಾತ್ರ ನಂಬುವ ಹಾಗಿರಲಿಲ್ಲ. ಹಿಂದೊಮ್ಮೆ ಬಿದ್ದು ಕೈ ಮುರಿದುಕೊಂಡಾಗ, ಇನ್ನು ಏಣಿ ಹತ್ತುವುದಿಲ್ಲವೆಂದು ಹೆಂಡತಿ ಆಣೆ ಮಾಡಿಸಿಕೊಂಡಿದ್ದಳು. ಅಂದಿನಿಂದ ಅವನು ಬೋರ್ಡು ನೆಲದಲ್ಲಿಟ್ಟೇ ಬರೆಯುತ್ತೇನೆ ಅನ್ನುತ್ತಿದ್ದ, ಅವಳು ಹೂಂ ಅನ್ನುತ್ತಿದ್ದಳು. ಏಣಿ ಬಿಡಿಸಿದರೆ ಮನುಷ್ಯ ಮೂಲೆ ಹಿಡಿದುಬಿಡುತ್ತಾನೆಂದು, ಅವನು ಕದ್ದು ಹತ್ತುವುದನ್ನು ಕಂಡೂ ಕಾಣದ ಹಾಗಿದ್ದಳು. ಹೋದ ವಾರ ಅವನು ಊಟಕ್ಕೂ ಟೋಪಿ ಹಾಕಿಕೊಂಡೇ ಕೂತ. ನಿದ್ದೆಯಲ್ಲಿ ಅದು ಜಾರಿದಾಗ ಕಿವಿಯ ಹಿಂದೆ ಬಾವು ಕಂಡಿತು. ಅವಳು ಟೋಪಿಯನ್ನು ಮೆಲ್ಲಗೆ ಸರಿಮಾಡಿ ಮಲಗಿದಳು.

ಈಗ ಆಸ್ಪತ್ರೆಯ ಮಂಚದ ಮೇಲೂ ಅದೇ ಟೋಪಿ. ಬೆಳಿಗ್ಗೆ ಕೆಲಸದ ನಡುವೆ ಎದೆ ಹಿಂಡಿ, ಬೆವರಿನಲ್ಲಿ ತೊಯ್ದುಹೋದವನನ್ನು ಅಂಗಡಿಯವನು ಸ್ಕೂಟರಿನಲ್ಲಿ ಕರೆತಂದಿದ್ದ.

"ಹಾರ್ಟ್ ಅಟ್ಯಾಕ್ ಅಮ್ಮ," ಎಂದಳು ಡಾಕ್ಟರ್, ಮಗಳ ವಯಸ್ಸಿನ ಹುಡುಗಿ. "ರಕ್ತನಾಳದಲ್ಲಿ ಹೆಪ್ಪು ಕೂತಿದೆ. ಬಲೂನ್ ಹಾಕಿ ಬಿಡಿಸೋ ವ್ಯವಸ್ಥೆ ನಮ್ಮಲ್ಲಿಲ್ಲ, ಅದಕ್ಕೆ ಮೂರು ಗಂಟೆ ದಾರಿ ಹೋಗ್ಬೇಕು. ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ, ಈಗಲೇ ಕೊಡ್ಬಹುದು. ಆದ್ರೆ ತಲೆಯೊಳಗೆ ಗಾಯ ಇದ್ರೆ ಅಲ್ಲೂ ರಕ್ತ ಹರಿಯುತ್ತೆ, ಜೀವಕ್ಕೇ ಅಪಾಯ. ಯಜಮಾನ್ರೇ, ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತಾ?"

ಅವನು ಹೆಂಡತಿಯ ಮುಖ ನೋಡಿದ. "ಇಲ್ಲ."

ನರ್ಸ್ ಸಿರಿಂಜಿಗೆ ಮದ್ದು ಎಳೆಯತೊಡಗಿದಳು. ಹೆಂಡತಿ ಆ ಸಿರಿಂಜನ್ನೇ ನೋಡಿದಳು. ಹೇಳಿದರೆ ಕೈಗೆ ಬಂದ ಮದ್ದು ತಪ್ಪುತ್ತದೆ, ಹೇಳದಿದ್ದರೆ ಆ ಮದ್ದೇ ಕೊಲ್ಲಬಹುದು. ಅತ್ತ ದರಿ, ಇತ್ತ ಪುಲಿ.

"ಸುಳ್ಳು ಡಾಕ್ಟ್ರೇ," ಅಂದಳು. "ಹೋದ ವಾರ ಏಣಿಯಿಂದ ಬಿದ್ದಿದಾರೆ."

ಡಾಕ್ಟರ್ ಟೋಪಿ ತೆಗೆದು ನೋಡಿದಳು. "ಬಿದ್ದಾಗ ಪ್ರಜ್ಞೆ ತಪ್ಪಿತ್ತಾ?"

ಅವನು ಹೆಂಡತಿಯ ಕಡೆಯಿಂದ ಮುಖ ತಿರುಗಿಸಿದ. "ಎಷ್ಟು ಹೊತ್ತೋ ಗೊತ್ತಿಲ್ಲ. ಎದ್ದಾಗ ಚೆಲ್ಲಿದ ಬಣ್ಣ ಆಗ್ಲೇ ಕೆನೆಗಟ್ಟಿತ್ತು."

ಡಾಕ್ಟರ್ ಸಿರಿಂಜನ್ನು ಕೆಳಗಿಡಿಸಿ, ನುಂಗಲು ಮಾತ್ರೆ ಕೊಟ್ಟು, ಆಂಬ್ಯುಲೆನ್ಸ್ ಹೊರಡಿಸಿದಳು.

ದಾರಿಯಲ್ಲಿ ಅವನು ಕೇಳಿದ, "ನಿಂಗೆ ಗೊತ್ತಿತ್ತಾ?"

"ಟೋಪಿ ಹಾಕಿದ ದಿನವೇ."

"ಅವತ್ತೇ ಬೈದು ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ಬೇಕಿತ್ತು ಕಣೇ."

ಅವಳು ಅವನ ಹೊದಿಕೆ ಸರಿಮಾಡಿದಳು. ದಾರಿಯಲ್ಲೇ ಏನಾದರೂ ಆದರೆ, ಅವತ್ತು ಸುಮ್ಮನಿದ್ದದ್ದೂ ಇವತ್ತು ಬಾಯಿಬಿಟ್ಟದ್ದೂ ಎರಡೂ ತನ್ನ ತಲೆಗೇ ಎಂದು ಹೆದರಿಕೆಯಾಯಿತು. ಎದುರು ಕೂತ ನರ್ಸ್ ಯಂತ್ರದ ಗೆರೆಯಿಂದ ಕಣ್ಣು ಕೀಳುತ್ತಿರಲಿಲ್ಲ.

"ಹೊರಗೆ ನೋಡು," ಅಂದ ಅವನು, ಕಣ್ಣು ಮುಚ್ಚಿಕೊಂಡೇ. "ನನ್ನ ಬೋರ್ಡು ಕಾಣ್ತಾವಾ?"

ಅವಳು ಒಂದೊಂದನ್ನೇ ಓದಿ ಹೇಳಿದಳು. ಬಟ್ಟೆ ಅಂಗಡಿ, ಗಡಿಯಾರ ರಿಪೇರಿ, ಸೈಕಲ್ ಶಾಪು. ಸೇತುವೆ ದಾಟಿದ ಮೇಲೆ ಬಂದ ಬೋರ್ಡುಗಳೆಲ್ಲ ಬೇರೆ ಯಾರದೋ ಕೈಬರಹ. ಅವನ ಉಸಿರು ಸಣ್ಣದಾಗುತ್ತಿತ್ತು.

"ಇದೂ ನಿಮ್ಮದೇ ರೀ," ಅಂದಳು. "ದೊಡ್ಡದು."

"ಏಣಿ ಹತ್ತಿ ಬರೆದದ್ದಾ?"

"ಇಲ್ಲ. ನೆಲದಲ್ಲಿಟ್ಟು."

ಅವನು ಹೂಂ ಅಂದ. ಅವಳು ಮುಂದಿನ ಬೋರ್ಡು ಓದಿ, ಇನ್ನೊಂದು ಹೂಂಗಾಗಿ ಕಿವಿಗೊಟ್ಟು ಕೂತಳು.